ಹೊಸ ಲ್ಯಾಪ್‌ಟಾಪಿನ ಸಣ್ಣ ತೊಡಕುಗಳು: ಕನ್ನಡ ಅಧ್ಯಾಪಕ ವರ್ಗಕ್ಕೊಂದು ಬಹಿರಂಗ ಪತ್ರ

ಪ್ರೌಢಶಾಲೆ, ಪದವಿಪೂರ್ವ ಮತ್ತು ಪದವಿ ಕಾಲೇಜುಗಳ ಕನ್ನಡ ಅಧ್ಯಾಪಕರಿಗೆ,



ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲಿ ಕನ್ನಡ ಅಧ್ಯಾಪಕರನ್ನು ಕಾಡುವ ತೊಂದರೆಗಳಲ್ಲಿ ಬಹುಪಾಲು ಯಂತ್ರದ ದೋಷಗಳಲ್ಲ. ಹಳೆಯ ಯಂತ್ರದಲ್ಲಿ ವರ್ಷಗಟ್ಟಲೆ ಕೈಗೆ ಕೂತ ರೂಢಿಗೂ ಹೊಸ ಯಂತ್ರವು ಕಾರ್ಖಾನೆಯಿಂದಲೇ ಹೊತ್ತು ತಂದ ಏರ್ಪಾಡುಗಳಿಗೂ ಹೊಂದಿಕೆಯಾಗದೆ ಹುಟ್ಟುವ ತೊಡಕುಗಳು ಅವು. ಹತ್ತು ವರ್ಷಗಳಿಂದ ಕೂಡಿಟ್ಟ ಟಿಪ್ಪಣಿಗಳ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಗುರುತುಗಳು ಕಾಣುತ್ತವೆ, ಒಂದು ಕೀಲಿ ಒತ್ತಿದರೆ ಇನ್ನೊಂದು ಅಕ್ಷರ ಮೂಡುತ್ತದೆ, ನಾಲ್ಕು ಪುಟದ ಪ್ರಶ್ನೆಪತ್ರಿಕೆ ಐದನೆಯ ಪುಟಕ್ಕೆ ಹರಿಯುತ್ತದೆ, ನಿನ್ನೆ ಉಳಿಸಿದ ಕಡತ ಇಂದು ತೆರೆಯುವುದಿಲ್ಲ. ಇವುಗಳಲ್ಲಿ ಯಾವುದೂ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿಸುವಂಥದ್ದಲ್ಲ. ಆದರೂ ಅನೇಕ ಹೊಸ ಯಂತ್ರಗಳು ಆ ಮೆಟ್ಟಿಲು ಹತ್ತುತ್ತವೆ, ಹತ್ತಿದವು ಬಹುಮಟ್ಟಿಗೆ ಕೆಟ್ಟೇ ಇಳಿಯುತ್ತವೆ. ತೊಡಕಿಗಿಂತ ಅದಕ್ಕೆ ಅವಸರದಲ್ಲಿ ಮಾಡುವ ಚಿಕಿತ್ಸೆಯೇ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಈ ಪತ್ರದ ವಾದ.

ಈ ವಿಷಯವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. 2021ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡನ್ನೂ ತಕ್ಕಮಟ್ಟಿಗೆ ಹೊಸದಾದ ಪ್ರೊಸೆಸರನ್ನೂ ಕೇಳುವುದರಿಂದ, ಕೆಲಸಕ್ಕೆ ಯಾವ ಕೊರತೆಯನ್ನೂ ಮಾಡದ ಹಳೆಯ ಲ್ಯಾಪ್‌ಟಾಪುಗಳನ್ನು ಬದಿಗಿಟ್ಟು ಹೊಸದನ್ನು ಕೊಳ್ಳಬೇಕಾದ ಸ್ಥಿತಿ ಅನೇಕ ಅಧ್ಯಾಪಕರಿಗೆ ಬಂದಿದೆ. ಹಳೆಯ ಯಂತ್ರವನ್ನು ಸಜ್ಜುಗೊಳಿಸಿಕೊಟ್ಟವರು ಯಾರೋ, ಅದರಲ್ಲಿ ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶವನ್ನು ಹಾಕಿಕೊಟ್ಟವರು ಯಾರೋ. ಬಳಸುವವರಿಗೆ ಅದು ಒಳಗೆ ಹೇಗೆ ನಡೆಯುತ್ತಿದೆ ಎಂದು ತಿಳಿಯುವ ಅಗತ್ಯವೇ ಬಿದ್ದಿರಲಿಲ್ಲ. ಈಗ ಆ ಅಗತ್ಯ ಬಿದ್ದಿದೆ.

ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು ಹಳೆಯ ಕಡತಗಳ ಅವಸ್ಥೆ. ನುಡಿಯಲ್ಲಿ ಬೆರಳಚ್ಚಾದ ಒಂದು ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಓರೆಗೀಟಿನ ‘ಎ’, ಜರ್ಮನ್ ಭಾಷೆಯಲ್ಲಿ ಜೋಡಿ ‘ಎಸ್’ ಸೂಚಿಸಲು ಬಳಸುವ ಗುರುತು, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಓರೆಗೀಟಿನ ‘ಎ’ ಸಾಲಾಗಿ ನಿಂತಿರುತ್ತವೆ. ಕಡತ ಹಾಳಾಯಿತು, ವೈರಸ್ ಹೊಕ್ಕಿತು ಎಂಬ ತೀರ್ಮಾನಕ್ಕೆ ಬರುವುದು ಸಹಜ. ವಾಸ್ತವವಾಗಿ ಕಡತದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ; ಅದು ಹಳೆಯ ಯಂತ್ರದಲ್ಲಿದ್ದಾಗಲೂ ಹೀಗೆಯೇ ಇತ್ತು, ಮೇಲೆ ಹೊದಿಸಿದ್ದ ಫಾಂಟು ಮಾತ್ರ ಈಗ ಇಲ್ಲ.

ಇದನ್ನು ತಿಳಿಯಲು ಗಣಕಯಂತ್ರ ಅಕ್ಷರವನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಯಂತ್ರದ ಮಟ್ಟಿಗೆ ಪ್ರತಿಯೊಂದು ಅಕ್ಷರವೂ ಒಂದು ಸಂಖ್ಯೆ. ಆ ಸಂಖ್ಯೆಗೆ ಯಾವ ಆಕಾರ ಬರೆಯಬೇಕೆಂಬುದನ್ನು ಫಾಂಟು, ಅಂದರೆ ಅಕ್ಷರಗಳ ಚಿತ್ರಗಳನ್ನು ಹೊಂದಿರುವ ಪ್ರತ್ಯೇಕ ಕಡತ, ಹೇಳುತ್ತದೆ. ಆಸ್ಕಿ ಎಂದು ರೂಢಿಯಲ್ಲಿ ಕರೆಯಲಾಗುವ ಹಳೆಯ ಪದ್ಧತಿಯಲ್ಲಿ ಒಟ್ಟು 256 ಸಂಖ್ಯೆಗಳಿಗಷ್ಟೇ ಎಡೆಯಿತ್ತು, ಅವೆಲ್ಲ ಇಂಗ್ಲಿಷಿಗೂ ಯುರೋಪಿನ ಇತರ ಭಾಷೆಗಳಿಗೂ ಹಂಚಿಹೋಗಿದ್ದವು. ಕನ್ನಡಕ್ಕೆ ತನ್ನದೇ ಜಾಗ ಇಲ್ಲದಿದ್ದಾಗ ತಂತ್ರಾಂಶ ರೂಪಿಸಿದವರು ಆ ಪರಭಾಷೆಯ ಮನೆಗಳಲ್ಲೇ ಕನ್ನಡ ಅಕ್ಷರಗಳ ಬಿಡಿಭಾಗಗಳನ್ನು ಕೂರಿಸಿದರು: 80ನೆಯ ಮನೆಯಲ್ಲಿ, ಅಂದರೆ ದೊಡ್ಡ ‘ಪಿ’ ಇರುವಲ್ಲಿ, ‘ಕ’ದ ಒಡಲು, 192ನೆಯ ಮನೆಯಲ್ಲಿ ತಲೆಕಟ್ಟು, 163ರಲ್ಲಿ ‘ನ’ದ ಒಡಲು, 223ರಲ್ಲಿ ‘ನ’ದ ಒತ್ತು, 113ರಲ್ಲಿ ‘ಡ’ದ ಒಡಲು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಒಡಲು, ತಲೆಕಟ್ಟು, ಒತ್ತುಗಳನ್ನು ಬೇರೆ ಬೇರೆ ಖಾನೆಗಳಿಂದ ತೆಗೆದು ಕೂಡಿಸುತ್ತಿದ್ದಂತೆ, ಈ ಪದ್ಧತಿಯಲ್ಲಿ ‘ಕನ್ನಡ’ ಎಂಬುದು ಏಳು ಚೂರುಗಳ ಜೋಡಣೆ. ಫಾಂಟು ಜೊತೆಗಿರುವವರೆಗೆ ಕಣ್ಣಿಗೆ ಅದು ಕನ್ನಡ. ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಸಂಖ್ಯೆಗಳು ತಮ್ಮ ಮೂಲ ಯುರೋಪಿಯನ್ ರೂಪಕ್ಕೆ ಮರಳುತ್ತವೆ.

ಯೂನಿಕೋಡ್ ಈ ಎರವಲು ಮನೆಯ ವಾಸವನ್ನು ಕೊನೆಗೊಳಿಸಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಗೊತ್ತುಮಾಡುವ ಈ ಶಿಷ್ಟತೆಯ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರೆಯಿತು. ಅದರಲ್ಲಿ ‘ಕ’ದ ಸಂಖ್ಯೆ 3221, ಆ ಸಂಖ್ಯೆ ಲೋಕದ ಯಾವ ಯಂತ್ರದಲ್ಲೂ ‘ಕ’ವೇ, ಬೇರೆಯದಲ್ಲ. ಇಲ್ಲಿ ‘ಕನ್ನಡ’ ಎಂಬುದು ‘ಕ’, ‘ನ’, ಅರ್ಧಾಕ್ಷರವನ್ನು ಸೂಚಿಸುವ ವಿರಾಮ ಚಿಹ್ನೆ, ‘ನ’, ‘ಡ’ ಎಂಬ ಐದು ಸಂಖ್ಯೆಗಳಾಗಿ ಉಳಿಯುತ್ತದೆ; ತಲೆಕಟ್ಟು ಎಲ್ಲಿ, ಒತ್ತು ಎಲ್ಲಿ ಎಂಬುದನ್ನು ತೋರಿಸುವ ಹೊತ್ತಿನಲ್ಲಿ ಫಾಂಟು ನೋಡಿಕೊಳ್ಳುತ್ತದೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟಿನೊಂದಿಗೆ ಬಂದಾಗಲೇ ಸಾಮಾನ್ಯ ಬಳಕೆದಾರರಿಗೆ ಈ ದಾರಿ ತೆರೆದಿತ್ತು. ಆದರೂ ಹಳೆಯ ಪದ್ಧತಿ ಎರಡು ದಶಕ ಮುಂದುವರಿದದ್ದಕ್ಕೆ ಅಧ್ಯಾಪಕರ ಉದಾಸೀನವನ್ನು ದೂರುವುದು ಅನ್ಯಾಯ. ಕನ್ನಡ ಪುಸ್ತಕೋದ್ಯಮ ಮತ್ತು ಡಿಟಿಪಿ ಕೇಂದ್ರಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶ ಕನ್ನಡ ಯೂನಿಕೋಡನ್ನು ಅರಿಯದು, ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದೂ 2001ರಲ್ಲೇ. ಮುದ್ರಣಕ್ಕೆ ಹೋಗುವ ಪ್ರತಿಯೊಂದು ಬರಹವೂ ಆಸ್ಕಿಯಲ್ಲೇ ಇರಬೇಕೆಂದು ಮುದ್ರಕರು ಕೇಳಿದರು, ಬರೆಯುವವರು ಕೊಟ್ಟರು.

ಆದ್ದರಿಂದ ಹಳೆಯ ಕಡತದ ವಿಷಯದಲ್ಲಿ ಎರಡು ದಾರಿಗಳಿವೆ. ಓದುವುದಷ್ಟೇ ಉದ್ದೇಶವಾದರೆ ಆ ಕಡತದಲ್ಲಿ ಬಳಸಿದ ಫಾಂಟನ್ನು ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನಕಲಿಸಿ ಹೊಸದರಲ್ಲಿ ಸ್ಥಾಪಿಸಿದರೆ ಸಾಕು, ಬರಹ ಮರಳಿ ಕಾಣುತ್ತದೆ. ಆದರೆ ಅದು ಕಾಣುವುದಷ್ಟೇ. ಅದರೊಳಗೆ ಒಂದು ಪದವನ್ನು ಹುಡುಕುವುದಾಗಲಿ, ವಿದ್ಯಾರ್ಥಿಯ ಮೊಬೈಲಿಗೆ ಕಳುಹಿಸುವುದಾಗಲಿ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದಾಗಲಿ ಸಲೀಸಾಗಿ ಆಗದು. ಎರಡನೆಯ ದಾರಿ ಪರಿವರ್ತನೆಯದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲೂ, 1998ರಲ್ಲಿ ಶೇಷಾದ್ರಿವಾಸು ಅವರು ಮೊದಲು ಹೊರತಂದ ಬರಹದಲ್ಲೂ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಸೌಲಭ್ಯವಿದೆ. ಮುಂದೆ ಮತ್ತೆ ತಿದ್ದಿ ಬಳಸಬೇಕಾದ ಟಿಪ್ಪಣಿ, ಪ್ರಬಂಧ, ಪ್ರಶ್ನೆಕೋಶಗಳಿಗೆ ಇದೇ ಸರಿಯಾದ ದಾರಿ.

ಪರಿವರ್ತನೆ ಒಂದು ಗುಂಡಿ ಒತ್ತಿ ಮುಗಿಸುವ ಕೆಲಸವೆಂದು ನಂಬಿದವರು ಆಮೇಲೆ ಪೇಚಾಡುತ್ತಾರೆ. ಪರಿವರ್ತಕಕ್ಕೆ ಕಾಣುವುದು ಸಂಖ್ಯೆಗಳು ಮಾತ್ರ. ಕನ್ನಡ ಬರಹದ ನಡುವೆ ನಿಜವಾದ ಇಂಗ್ಲಿಷ್ ಪದವೊಂದಿದ್ದರೆ, ಉದಾಹರಣೆಗೆ ವಿಮರ್ಶೆಯ ಲೇಖನದಲ್ಲಿ ಪಾಶ್ಚಾತ್ಯ ಲೇಖಕರ ಹೆಸರು ರೋಮನ್ ಲಿಪಿಯಲ್ಲಿದ್ದರೆ, ಬರಹವನ್ನು ಸಾದಾ ಪಠ್ಯವಾಗಿ ಕೊಟ್ಟಾಗ ಅದನ್ನೂ ಕನ್ನಡದ ಚೂರುಗಳೆಂದು ತಿಳಿದು ಅರ್ಥವಿಲ್ಲದ ಅಕ್ಷರಮಾಲೆಯಾಗಿ ಮಾಡಿಬಿಡಬಹುದು. ಅರ್ಕಾವತ್ತು ಇನ್ನೊಂದು ಎಡವುವ ಜಾಗ: ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ಬಳಿಕ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ, ‘ರ’ ಮೊದಲು ಬರುತ್ತದೆ. ಪರಿವರ್ತಕ ಈ ಸ್ಥಳಪಲ್ಲಟವನ್ನು ಎಲ್ಲೋ ಒಂದೆಡೆ ತಪ್ಪಿಸಿದರೆ ‘ಧರ್ಮ’, ‘ಕಾರ್ಯ’ದಂಥ ಪದಗಳು ಮುಗ್ಗರಿಸುತ್ತವೆ. ಹಾಗಾಗಿ ಮೂಲ ಕಡತವನ್ನು ಮುಟ್ಟದೆ ಅದರ ನಕಲಿನ ಮೇಲೆ ಪರಿವರ್ತನೆ ನಡೆಸುವುದು, ಮುಗಿದ ಮೇಲೆ ಅರ್ಕಾವತ್ತಿನ ಪದಗಳನ್ನೂ ರೋಮನ್ ಪದಗಳಿದ್ದ ಕಡೆಗಳನ್ನೂ ಒಮ್ಮೆ ಓದಿ ನೋಡುವುದು ಅವಶ್ಯ. ಎಲ್ಲ ಕಡತಗಳನ್ನೂ ಒಂದೇ ಬೀಸಿಗೆ ಪರಿವರ್ತಿಸುವ ಉತ್ಸಾಹವೂ ಬೇಕಿಲ್ಲ. ಬೇಕಾದದ್ದನ್ನು ಬೇಕಾದಾಗ ಪರಿವರ್ತಿಸುತ್ತ ಹೋದರೆ ಪರಿಶೀಲನೆಗೂ ಸಮಯ ಸಿಗುತ್ತದೆ.

ಕೀಲಿಮಣೆಯ ಗೊಂದಲ ಇದಕ್ಕೆ ಹತ್ತಿರದ್ದು. ವಿಂಡೋಸ್ 11ರಲ್ಲಿ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದಾಗ ದೊರೆಯುವುದು ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ. ಭಾರತದ ಬಹುತೇಕ ಲಿಪಿಗಳಿಗೆ ಒಂದೇ ಜೋಡಣೆ ಇರಲೆಂದು ರೂಪಿಸಿದ ಈ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುತ್ತವೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆಗೆ ಒಗ್ಗಿದ ಬೆರಳುಗಳು ಇಲ್ಲಿ ದಾರಿ ತಪ್ಪುವುದು ಖಚಿತ, ಯಂತ್ರದ ಕೀಲಿಗಳೇ ಕೆಟ್ಟಿವೆ ಎಂಬ ಅನುಮಾನ ಹುಟ್ಟುವುದೂ ಇಲ್ಲೇ. ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಫೊನೆಟಿಕ್ ಕೀಲಿಮಣೆಯೂ ಸೇರಿದೆ. ಇದರಲ್ಲಿ ರೋಮನ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಒತ್ತುತ್ತ ಹೋದರೆ ಕನ್ನಡ ಮೂಡುತ್ತದೆ. ವಿಂಡೋಸ್ ಗುಂಡಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಸ್ಥಾಪಿತವಾದ ಕೀಲಿಮಣೆಗಳು ಒಂದಾದ ಮೇಲೊಂದು ಬದಲಾಗುತ್ತವೆ, ಈಗ ಯಾವುದು ಚಾಲ್ತಿಯಲ್ಲಿದೆ ಎಂಬುದು ಪರದೆಯ ಕೆಳಗಿನ ಬಲಮೂಲೆಯಲ್ಲಿ ಕಾಣುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನುಡಿ, ಬರಹದಂಥ ತಂತ್ರಾಂಶಗಳು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಅದರ ಜಾಗದಲ್ಲಿ ಕನ್ನಡ ಅಕ್ಷರವನ್ನು ಕಳುಹಿಸುತ್ತವೆ; ಅದೇ ಹೊತ್ತಿಗೆ ವಿಂಡೋಸಿನ ಕನ್ನಡ ಕೀಲಿಮಣೆಯೂ ಚಾಲ್ತಿಯಲ್ಲಿದ್ದರೆ ಒಂದೇ ಕೀಲಿಗೆ ಇಬ್ಬರು ದುಭಾಷಿಗಳಾಗಿ, ಅಕ್ಷರ ಎರಡೆರಡು ಸಲ ಬೀಳುವುದು, ಒತ್ತಕ್ಷರ ಕೂಡದಿರುವುದು, ಇಂಗ್ಲಿಷಿಗೆ ಮರಳಿದರೂ ಕನ್ನಡವೇ ಬರುವುದು ಮುಂತಾದ ವಿಕಾರಗಳು ಕಾಣುತ್ತವೆ. ನುಡಿಯನ್ನು ಬಳಸುವಾಗ ವಿಂಡೋಸಿನ ಕೀಲಿಮಣೆಯನ್ನು ಇಂಗ್ಲಿಷಿನಲ್ಲಿ ನಿಲ್ಲಿಸಿಕೊಂಡರೆ ಈ ಜಗಳ ನಿಲ್ಲುತ್ತದೆ. ಹಾಗೆಯೇ ನುಡಿಯಲ್ಲಿ ಆಸ್ಕಿ ಆಯ್ಕೆಯನ್ನು ಬಿಟ್ಟು ಯೂನಿಕೋಡ್ ಆಯ್ಕೆಯನ್ನು ಒಮ್ಮೆ ಗುರುತಿಸಿಕೊಂಡರೆ, ಪರಿಚಿತ ಕೀಲಿಮಣೆಯನ್ನು ಬಿಡದೆಯೇ ಮುಂದಿನ ಎಲ್ಲ ಬರಹವನ್ನೂ ಹೊಸ ಪದ್ಧತಿಯಲ್ಲಿ ಉಳಿಸಬಹುದು. ಬೆರಳಿನ ಅಭ್ಯಾಸ ಬೇರೆ, ಕಡತದೊಳಗಿನ ಸಂಖ್ಯೆಗಳು ಬೇರೆ ಎಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಯೂನಿಕೋಡಿಗೆ ಬರಬೇಕಾದರೆ ಬೆರಳಚ್ಚನ್ನೇ ಹೊಸದಾಗಿ ಕಲಿಯಬೇಕು ಎಂಬ ಭಯಕ್ಕೆ ಆಧಾರವಿಲ್ಲ.

ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ತಂತ್ರಾಂಶಗಳನ್ನು ಸ್ಥಾಪಿಸುವುದಕ್ಕೇ ಬಿಡುವುದಿಲ್ಲ. ಎಸ್ ಮೋಡ್ ಎಂಬ ಕಟ್ಟುಪಾಡಿನಲ್ಲಿ ಬಂದ ವಿಂಡೋಸ್, ಮೈಕ್ರೋಸಾಫ್ಟ್ ಸ್ಟೋರ್ ಎಂಬ ತನ್ನ ಮಳಿಗೆಯಿಂದ ಬಂದುದನ್ನಷ್ಟೇ ಒಪ್ಪುತ್ತದೆ. ಇದರಿಂದ ಹೊರಬರಲು ಹಣ ಕೊಡಬೇಕಿಲ್ಲ, ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟದಿಂದ ಹೋಗಿ ಬಿಡಿಸಿಕೊಳ್ಳಬಹುದು. ಆದರೆ ಒಮ್ಮೆ ಹೊರಬಂದರೆ ಮತ್ತೆ ಒಳಹೋಗಲಾಗದು. ಎಸ್ ಮೋಡ್ ಇಲ್ಲದ ಯಂತ್ರಗಳಲ್ಲೂ ಹೆಚ್ಚು ಜನ ಬಳಸದ ತಂತ್ರಾಂಶವೊಂದನ್ನು ತೆರೆದಾಗ ಸ್ಮಾರ್ಟ್‌ಸ್ಕ್ರೀನ್ ಎಂಬ ಕಾವಲು ನೀಲಿ ಎಚ್ಚರಿಕೆಯನ್ನು ಅಡ್ಡ ತರುತ್ತದೆ. ಅದು ರೋಗದ ಪತ್ತೆಯಲ್ಲ, ಅಪರಿಚಿತರನ್ನು ಕಂಡು ಕೇಳುವ ಪ್ರಶ್ನೆ ಮಾತ್ರ. ತಂತ್ರಾಂಶವನ್ನು ಅದನ್ನು ರೂಪಿಸಿದವರ ಅಧಿಕೃತ ತಾಣದಿಂದಲೇ ಇಳಿಸಿಕೊಂಡಿದ್ದರೆ ‘ಮೋರ್ ಇನ್ಫೊ’ ಒತ್ತಿ ಮುಂದುವರಿಯಬಹುದು. ಸಹೋದ್ಯೋಗಿಯ ಪೆನ್‌ಡ್ರೈವಿನಿಂದ ಬಂದಿದ್ದರೆ ಆ ಎಚ್ಚರಿಕೆಯನ್ನು ಗೌರವಿಸುವುದೇ ಲೇಸು.

ಬೆರಳಚ್ಚಿನ ವಿಷಯ ಮುಗಿಸುವ ಮುನ್ನ ಕಣ್ಣಿಗೆ ಕಾಣದ ಎರಡು ಗುರುತುಗಳನ್ನು ಹೆಸರಿಸಬೇಕು. ‘ರಾಜ್’ ಮತ್ತು ‘ಕುಮಾರ್’ ಕೂಡಿಸಿ ಬೆರಳಚ್ಚು ಮಾಡಿದರೆ ಯೂನಿಕೋಡ್ ನಿಯಮದಂತೆ ಅದು ‘ರಾಜ್ಕುಮಾರ್’ ಆಗುತ್ತದೆ; ‘ರಾಜ್‌ಕುಮಾರ್’ ಎಂದು ಬರಬೇಕಾದರೆ ನಡುವೆ ಅಗಲವೇ ಇಲ್ಲದ ಒಂದು ಬೇರ್ಪಡಿಕೆಯ ಗುರುತನ್ನು ಹಾಕಬೇಕು. ಇದಕ್ಕೆ ಎದುರಾದ ಕೂಡಿಕೆಯ ಗುರುತು ಇರುವುದರಿಂದಲೇ ‘ರ್ಯಾಂಕ್’ ಎಂದು ಅರ್ಕಾವತ್ತಾಗಿ ಹೋಗುವುದನ್ನು ತಡೆದು ‘ರ‍್ಯಾಂಕ್’ ಎಂದು ಬರೆಯಲಾಗುತ್ತದೆ. ಇವು ಕಾಣದಿದ್ದರೂ ಕಡತದಲ್ಲಿ ಇರುತ್ತವೆ, ಹಾಗಾಗಿ ಕೆಲವು ತಂತ್ರಾಂಶಗಳಲ್ಲಿ ಕಣ್ಣಿಗೆ ಒಂದೇ ಆಗಿರುವ ಎರಡು ಪದಗಳಲ್ಲಿ ಒಂದು ಹುಡುಕಿದಾಗ ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವ ಹಳೆಯ ಚಾಳಿಯೂ ಇದೇ ಫಲ ಕೊಡುತ್ತದೆ: ಅಚ್ಚಾದ ಕಾಗದದಲ್ಲಿ ‘ಬೆಂಗಳೂರು’ ಸರಿಯಾಗಿಯೇ ಕಾಣುತ್ತದೆ, ಯಂತ್ರದ ಪಾಲಿಗೆ ಮಾತ್ರ ಅದು ನಡುವೆ ಅಂಕಿಯೊಂದು ಸಿಕ್ಕಿಕೊಂಡ ಬೇರೆಯೇ ಏನೋ. ನೂರಾರು ವಿದ್ಯಾರ್ಥಿಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗ ಒಂದಷ್ಟು ಹೆಸರುಗಳು ಎಲ್ಲೋ ಹೋಗಿ ನಿಲ್ಲುವುದಕ್ಕೆ ಇದು ಸಾಮಾನ್ಯ ಕಾರಣ.

ಪ್ರಶ್ನೆಪತ್ರಿಕೆಯ ಪುಟ ಹೆಚ್ಚುವ ವಿಷಯಕ್ಕೆ ಬಂದರೆ, ಅಲ್ಲಿ ಅಪರಾಧಿ ಬಹುಮಟ್ಟಿಗೆ ಫಾಂಟಿನ ಬದಲಾವಣೆ. ಯೂನಿಕೋಡಿನಲ್ಲೇ ಬರೆದವರಲ್ಲಿ ಅನೇಕರು ತುಂಗಾ ಬಳಸಿದ್ದಾರೆ. ವಿಂಡೋಸ್ 10 ಮತ್ತು 11ರಲ್ಲಿ ತುಂಗಾ ತಾನಾಗಿ ಬರುವುದಿಲ್ಲ, ಕನ್ನಡದ ಪೂರಕ ಫಾಂಟುಗಳು ಎಂಬ ಐಚ್ಛಿಕ ಸೌಲಭ್ಯವಾಗಿ ಸೇರಿಸಿಕೊಳ್ಳಬೇಕು. ಸೇರಿಸದಿದ್ದರೆ ಯಂತ್ರ ಅದರ ಜಾಗದಲ್ಲಿ ನಿರ್ಮಲಾ ಯುಐ ಎಂಬ ಫಾಂಟನ್ನು ಹಾಕುತ್ತದೆ. ಅಕ್ಷರಗಳ ಅಗಲ, ಸಾಲುಗಳ ನಡುವಿನ ಅಂತರ ಬೇರೆಯಾಗಿ ಪುಟಗಳ ಲೆಕ್ಕ ತಪ್ಪುತ್ತದೆ. ವರ್ಡ್ ತಂತ್ರಾಂಶದಲ್ಲಿ ಇನ್ನೊಂದು ತೊಡಕೂ ಇದೆ: ಅದು ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್, ಅಂದರೆ ಅಕ್ಷರಗಳು ಒಂದಕ್ಕೊಂದು ಕೂಡಿ ರೂಪ ಬದಲಿಸುವ ಲಿಪಿ, ಎಂಬ ಗುಂಪಿಗೆ ಸೇರಿಸಿ, ಅದಕ್ಕೆ ಇಂಗ್ಲಿಷಿಗಿಂತ ಬೇರೆಯಾಗಿ ಫಾಂಟನ್ನೂ ಗಾತ್ರವನ್ನೂ ನೆನಪಿಟ್ಟುಕೊಳ್ಳುತ್ತದೆ. ಗಾತ್ರ ಬದಲಿಸಿದರೂ ಕನ್ನಡ ಕದಲದೆ ಇಂಗ್ಲಿಷ್ ಮಾತ್ರ ಹಿಗ್ಗಿದರೆ ಫಾಂಟ್ ಪೆಟ್ಟಿಗೆಯನ್ನು ತೆರೆದು ಆ ವಿಭಾಗದಲ್ಲೇ ಬದಲಿಸಬೇಕು. ಪದಗಳ ಕೆಳಗಿನ ಕೆಂಪು ಅಲೆಗೆರೆಗಳಿಗೆ ಬೆದರಬೇಕಾಗಿಲ್ಲ, ಕನ್ನಡಕ್ಕೆ ಇಂಗ್ಲಿಷಿನ ಕಾಗುಣಿತ ಪರೀಕ್ಷೆ ನಡೆಯುತ್ತಿದೆ ಎಂದಷ್ಟೇ ಅದರ ಅರ್ಥ. ಪ್ರಶ್ನೆಪತ್ರಿಕೆಯನ್ನು ಬೇರೊಬ್ಬರಿಗೆ ಕಳುಹಿಸುವಾಗ ಪಿಡಿಎಫ್ ರೂಪದಲ್ಲಿ ಕಳುಹಿಸಿದರೆ ಫಾಂಟು ಕಡತದೊಳಗೇ ಹುದುಗಿ ಹೋಗುವುದರಿಂದ ಪುಟಗಳು ಎಲ್ಲಿಯೂ ಕದಲವು.

ಕನ್ನಡಕ್ಕೆ ಸಂಬಂಧವಿಲ್ಲದ ಕೆಲವು ಸಣ್ಣ ಕಾಟಗಳನ್ನು ಇಲ್ಲಿ ಬೇಗ ದಾಟಬಹುದು. ಮೊದಲ ಒಂದೆರಡು ದಿನ ಯಂತ್ರ ನಿಧಾನವಾಗಿರುವುದು, ಫ್ಯಾನು ಸದ್ದು ಮಾಡುವುದು ದೋಷವಲ್ಲ; ಕಾರ್ಖಾನೆ ಬಿಟ್ಟ ಮೇಲೆ ಬಂದ ಅಪ್‌ಡೇಟುಗಳೆಲ್ಲ ಹಿನ್ನೆಲೆಯಲ್ಲಿ ಇಳಿಯುತ್ತಿರುತ್ತವೆ, ನಕಲಿಸಿದ ಕಡತಗಳ ಸೂಚಿಯೂ ತಯಾರಾಗುತ್ತಿರುತ್ತದೆ. ಸಮಯ ಅಮೆರಿಕದ್ದಾಗಿದ್ದರೆ ಭಾರತದ ಐದೂವರೆ ಗಂಟೆಯ ಕಾಲವಲಯವನ್ನು ಆರಿಸಬೇಕು. ಗಡಿಯಾರವೇ ದಿನಗಟ್ಟಲೆ ತಪ್ಪಿದ್ದರೆ ಬ್ಯಾಂಕು, ಇಲಾಖೆಗಳ ತಾಣಗಳು ಸುರಕ್ಷಿತವಲ್ಲವೆಂಬ ಎಚ್ಚರಿಕೆಯೊಂದಿಗೆ ಮುಚ್ಚಿಕೊಳ್ಳುತ್ತವೆ, ಏಕೆಂದರೆ ತಾಣದ ಪ್ರಮಾಣಪತ್ರದ ಅವಧಿಯನ್ನು ಯಂತ್ರ ತನ್ನ ಗಡಿಯಾರದಿಂದಲೇ ಅಳೆಯುತ್ತದೆ. ಪ್ರದೇಶವನ್ನು ಭಾರತವೆಂದು ಗುರುತಿಸದಿದ್ದರೆ ಎಕ್ಸೆಲ್‌ನಲ್ಲಿ ಜೂನ್ 5 ಮೇ 6 ಆಗುವ ಅಪಾಯವಿದೆ. ಜನ್ಮದಿನಾಂಕಗಳ ಪಟ್ಟಿ ಮಾಡುವವರು ಇದನ್ನು ಹಗುರವಾಗಿ ಕಾಣಬಾರದು. ‘ಎಫ್’ ಗುಂಡಿಗಳನ್ನು ಒತ್ತಿದರೆ ಧ್ವನಿ ಏರಿಳಿಯುವುದು, ಟಚ್‌ಪ್ಯಾಡ್ ಇದ್ದಕ್ಕಿದ್ದಂತೆ ಸತ್ತಂತಾಗುವುದು ಇವೆಲ್ಲ ಬಹುತೇಕ ‘ಎಫ್‌ಎನ್’ ಎಂಬ ಗುಂಡಿಯ ಆಟ.

ಕಡತಗಳು ಕಾಣೆಯಾಗುವ ಪ್ರಶ್ನೆ ಹಗುರವಾದುದಲ್ಲ. ಹೊಸ ಯಂತ್ರವನ್ನು ಮೈಕ್ರೋಸಾಫ್ಟ್ ಖಾತೆಯ ಮೂಲಕ ಸಜ್ಜುಗೊಳಿಸಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂಬ ಫೋಲ್ಡರುಗಳು ಒನ್‌ಡ್ರೈವ್ ಎಂಬ ಅಂತರಜಾಲದ ಉಗ್ರಾಣಕ್ಕೆ ಜೋಡಣೆಯಾಗುವುದು ಸಾಮಾನ್ಯ. ಸಜ್ಜುಗೊಳಿಸುವ ಅವಸರದಲ್ಲಿ ‘ನೆಕ್ಸ್ಟ್’ ಒತ್ತುತ್ತ ಹೋದವರಿಗೆ ತಾವು ಇದಕ್ಕೆ ಒಪ್ಪಿದ್ದು ನೆನಪಿರುವುದಿಲ್ಲ. ಅಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಹಳೆಯ ಯಂತ್ರದ ಫೋಟೊಗಳನ್ನು ಸುರಿದ ದಿನವೇ ಅದು ತುಂಬಿ, ಜಾಗವಿಲ್ಲವೆಂಬ ಸೂಚನೆ ಪದೇಪದೇ ಬರುತ್ತದೆ, ಯಂತ್ರದ ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿ ಇದ್ದರೂ. ಕಡತದ ಪಕ್ಕದಲ್ಲಿ ಮೋಡದ ಚಿಹ್ನೆಯಿದ್ದರೆ ಅದು ಯಂತ್ರದೊಳಗೆ ಇಲ್ಲ, ಹೆಸರು ಮಾತ್ರ ಇದೆ; ಜಾಲವಿಲ್ಲದ ತರಗತಿಯಲ್ಲಿ ಅದು ತೆರೆಯದು. ಅದರ ಮೇಲೆ ಬಲಗುಂಡಿ ಒತ್ತಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬುದನ್ನು ಆರಿಸಿದರೆ ಪೂರ್ತಿ ಇಳಿದು ನಿಲ್ಲುತ್ತದೆ. ಜಾಗ ಮಾಡಿಕೊಳ್ಳಲೆಂದು ಒನ್‌ಡ್ರೈವ್ ಫೋಲ್ಡರಿನಿಂದ ಕಡತಗಳನ್ನು ಅಳಿಸುವುದು ಮಾತ್ರ ಅಪಾಯಕಾರಿ, ಏಕೆಂದರೆ ಒಂದೆಡೆ ಅಳಿಸಿದ್ದು ಎರಡೂ ಕಡೆ ಅಳಿಯುತ್ತದೆ. ಖಾಸಗಿ ಖಾತೆಯಲ್ಲಿ ಹಾಗೆ ಅಳಿದದ್ದು ಒನ್‌ಡ್ರೈವಿನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಈ ಜೋಡಣೆ ಬೇಡವಾದವರು ಒನ್‌ಡ್ರೈವಿನ ಬ್ಯಾಕಪ್ ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಬಹುದು. ನಿಲ್ಲಿಸುವ ಮೊದಲು ಕಡತಗಳು ಯಾವ ಫೋಲ್ಡರಿನಲ್ಲಿವೆ ಎಂದು ನೋಡಿಕೊಂಡು ಹೊರಗಿನ ಡಿಸ್ಕಿಗೊಂದು ನಕಲು ಮಾಡಿಕೊಳ್ಳಬೇಕು. ಬಳಕೆದಾರರಿಗೆ ಸರಿಯಾಗಿ ತಿಳಿಸದೆ ಅವರ ಕಡತಗಳ ವಾಸಸ್ಥಾನವನ್ನೇ ಬದಲಿಸುವ ಈ ಏರ್ಪಾಡು ಟೀಕೆಗೆ ಅರ್ಹವೇ ಸರಿ.

ಇದೇ ಮೈಕ್ರೋಸಾಫ್ಟ್ ಖಾತೆಗೆ ಅಂಟಿಕೊಂಡ ಇನ್ನೊಂದು ಸಂಗತಿ ಡಿಸ್ಕಿನ ಗೂಢಲಿಪೀಕರಣ, ಅಂದರೆ ಕೀಲಿಯಿಲ್ಲದೆ ಯಾರೂ ಓದಲಾರದಂತೆ ಡಿಸ್ಕಿನ ಮಾಹಿತಿಯನ್ನು ಕಲಸಿಡುವುದು. ಈಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಇದು ತಾನಾಗಿಯೇ ಚಾಲೂ ಆಗಿರುವುದುಂಟು. ಯಂತ್ರಾಂಶದ ಮಟ್ಟದ ಒಂದು ಅಪ್‌ಡೇಟ್ ಆದಾಗಲೋ ಒಳಗಿನ ಭಾಗವೊಂದನ್ನು ಬದಲಿಸಿದಾಗಲೋ ಯಂತ್ರ 48 ಅಂಕಿಗಳ ಕೀಲಿಯನ್ನು ಕೇಳಿ ನಿಂತುಬಿಡಬಹುದು. ಆ ಕೀಲಿ ಸಜ್ಜುಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಖಾತೆ ಅಂಗಡಿಯ ಹುಡುಗ ಆ ಹೊತ್ತಿಗೆ ಸೃಷ್ಟಿಸಿದ್ದಾಗಿದ್ದು ಅದರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದಿದ್ದರೆ, ಆ ಡಿಸ್ಕಿನಲ್ಲಿದ್ದುದನ್ನು ಯಾವ ಪರಿಣತರೂ ಹೊರತೆಗೆಯಲಾರರು. ಹೊಸ ಲ್ಯಾಪ್‌ಟಾಪನ್ನು ಅಂಗಡಿಯಲ್ಲೇ ‘ರೆಡಿ ಮಾಡಿಸಿ’ ತರುವ ವಾಡಿಕೆ ಇದೊಂದು ಕಾರಣಕ್ಕೇ ನಿಲ್ಲಬೇಕು. ಖಾತೆ ಬಳಸುವವರ ಸ್ವಂತದ್ದಾಗಿರಬೇಕು, ಆ ಕೀಲಿಯ ಒಂದು ಪ್ರತಿ ಕಾಗದದ ಮೇಲೆ ಮನೆಯಲ್ಲಿರಬೇಕು.

ತೊಡಕು ಯಾವುದೇ ಆಗಲಿ, ಮೊದಲು ಮಾಡಬೇಕಾದದ್ದು ಯಂತ್ರವನ್ನು ರೀಸ್ಟಾರ್ಟ್ ಮಾಡುವುದು. ಶಟ್‌ಡೌನ್ ಮಾಡಿ ಮತ್ತೆ ಹಾಕಿದರೂ ಅದೇ ಆಯಿತಲ್ಲ ಎಂದು ತೋರುತ್ತದೆ, ಹಾಗಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಚಾಲೂ ಇರುವಲ್ಲಿ ಶಟ್‌ಡೌನ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು ಅಳಿಯುವುದಿಲ್ಲ, ಅದರ ಆಗಿನ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೆಯೇ ಎದ್ದು ಬರುತ್ತದೆ, ಜೊತೆಗೆ ನಿನ್ನೆಯ ಗೋಜಲೂ ಬರಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಅದರಿಂದಲೂ ಸರಿಹೋಗದಿದ್ದರೆ ಕೊನೆಯದಾಗಿ ಏನು ಬದಲಾಯಿತು ಎಂದು ನೆನೆದು, ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಹಿಂದೆಗೆದು ನೋಡಬೇಕು, ತೆರೆಯ ಮೇಲಿನ ಸಂದೇಶವನ್ನು ಮುಚ್ಚುವ ಮೊದಲು ಅದರ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಪಾಠಾಂತರಗಳನ್ನು ತಾಳೆ ನೋಡಿ ಮೂಲಪಾಠವನ್ನು ನಿರ್ಣಯಿಸುವ ಶಿಸ್ತು ಬಲ್ಲ ವರ್ಗಕ್ಕೆ ಈ ವಿಧಾನ ಹೊಸದೇನೂ ಅಲ್ಲ.

ಈ ತಾಳ್ಮೆ ಇಲ್ಲದೆ ಯಂತ್ರವನ್ನು ಅಂಗಡಿಗೆ ಒಯ್ದಾಗ ಸಿಗುವ ಪರಿಹಾರ ಹೆಚ್ಚಾಗಿ ಒಂದೇ: ಫಾರ್ಮ್ಯಾಟ್, ಅಂದರೆ ಡಿಸ್ಕನ್ನು ಪೂರ್ತಿ ಒರೆಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ವಿಂಡೋಸ್ ಸಮೇತ ಮಾರಾಟವಾಗುವ ಲ್ಯಾಪ್‌ಟಾಪಿನ ಪರವಾನಗಿ ಕೀಲಿ ಯಂತ್ರದ ಮದರ್‌ಬೋರ್ಡಿನಲ್ಲೇ ಅಡಗಿರುತ್ತದೆ, ಅದೇ ಆವೃತ್ತಿಯನ್ನು ಮರಳಿ ಹಾಕಿದರೆ ತಾನಾಗಿ ಗುರುತು ಹಿಡಿಯುತ್ತದೆ. ಅದರ ಬದಲು ಅಕ್ರಮ ಪ್ರತಿಯೊಂದನ್ನು ಹಾಕಿಕೊಟ್ಟರೆ ಹಣ ಕೊಟ್ಟು ಪಡೆದ ಅಸಲಿ ಪರವಾನಗಿ ಮೂಲೆಗುಂಪಾಗಿ, ಎಲ್ಲಿಂದಲೋ ಬಂದ ನಕಲಿ ಆ ಜಾಗದಲ್ಲಿ ಕೂರುತ್ತದೆ. ಆಫೀಸ್ ತಂತ್ರಾಂಶ ಯಂತ್ರದೊಂದಿಗೆ ಬಂದಿದ್ದರೆ ಅದು ಖಾತೆಗೆ ಸೇರಿರುವುದರಿಂದ ಖಾತೆ ತಿಳಿಯದೆ ಮರಳಿ ಸಿಗದು. ವರ್ಡ್‌ಗಾಗಿ ಹಣ ಕೊಡಲು ಇಷ್ಟವಿಲ್ಲದವರಿಗೆ ಲಿಬ್ರೆ ಆಫೀಸ್ ಉಚಿತವಾಗಿಯೇ ಇದೆ, ಕನ್ನಡ ಯೂನಿಕೋಡನ್ನು ಚೆನ್ನಾಗಿ ನಿಭಾಯಿಸುತ್ತದೆ. ಅಂಗಡಿಯ ಫಾರ್ಮ್ಯಾಟಿಗಿಂತಲೂ ಕೇಡಿನದು ಜಾಲದಲ್ಲಿ ಹುಡುಕಿ ಸಿಕ್ಕಿದ ಸಹಾಯವಾಣಿಗೆ ಕರೆ ಮಾಡುವುದು, ಅಥವಾ ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ತೆರೆಯನ್ನೆಲ್ಲ ಆವರಿಸುವ ಸೂಚನೆಯನ್ನು ನಂಬುವುದು. ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವೊಂದನ್ನು ಹಾಕಿಸಿ, ಬ್ಯಾಂಕ್ ಖಾತೆಯವರೆಗೂ ಕೈಚಾಚುವ ವಂಚನೆಯ ಜಾಡು ಇದು. ಅಂಥ ಸೂಚನೆ ಕಂಡಾಗ ಬ್ರೌಸರನ್ನು ಮುಚ್ಚಿದರೆ ಸಾಕು. ಹಣ ಹೋಗಿದ್ದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು.

ಕೊನೆಯದಾಗಿ ಅಧ್ಯಾಪಕ ವರ್ಗ ಒಟ್ಟಾಗಿ ಮಾಡಬಹುದಾದ ಒಂದು ಕೆಲಸವಿದೆ. ಕಾಲೇಜಿನ ಸ್ಮರಣ ಸಂಚಿಕೆಯಾಗಲಿ, ವಿಚಾರಸಂಕಿರಣದ ಪ್ರಬಂಧ ಸಂಪುಟವಾಗಲಿ, ಲೇಖನಗಳನ್ನು ‘ನುಡಿಯಲ್ಲಿ ಕಳುಹಿಸಿ’ ಎಂದು ಕೇಳುವ ಆಹ್ವಾನಪತ್ರಗಳು ಇನ್ನೂ ಬರುತ್ತಿವೆ. ಅವನ್ನು ಬರೆಯುವವರು ಬಹುಮಟ್ಟಿಗೆ ಅಧ್ಯಾಪಕರೇ. ಆ ಸಾಲನ್ನು ‘ಯೂನಿಕೋಡ್‌ನಲ್ಲಿ ಕಳುಹಿಸಿ, ಜೊತೆಗೆ ಪಿಡಿಎಫ್ ಪ್ರತಿಯೂ ಇರಲಿ’ ಎಂದು ತಿದ್ದುವುದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ. ಡಿಟಿಪಿ ಕೇಂದ್ರದವರಿಗೆ ಹಳೆಯ ಪದ್ಧತಿಯೇ ಬೇಕಾಗಿದ್ದರೆ ಯೂನಿಕೋಡಿನಿಂದ ಆಸ್ಕಿಗೆ ಬದಲಿಸುವ ಸೌಲಭ್ಯವೂ ಇದೆ, ಅದನ್ನು ಅವರ ಮೇಜಿನ ಮೇಲೆ ಅವರೇ ಮಾಡಿಕೊಳ್ಳಲಿ; ಬರೆದವರ ಬಳಿ ಉಳಿಯುವ ಮೂಲಪ್ರತಿ ಯೂನಿಕೋಡಿನಲ್ಲೇ ಇರಲಿ. ಕರಡು ತಿದ್ದುವಾಗ ಡಿಟಿಪಿ ಪ್ರತಿಯಲ್ಲಿ ಮಾಡಿದ ತಿದ್ದುಪಡಿಗಳನ್ನು ಅದೇ ದಿನ ಮೂಲಪ್ರತಿಯಲ್ಲೂ ಮಾಡಿಟ್ಟುಕೊಂಡರೆ, ಮುಂದಿನ ಮುದ್ರಣದ ಹೊತ್ತಿಗೆ ಎರಡು ಪಾಠಗಳನ್ನು ತಾಳೆ ನೋಡುವ ಶ್ರಮ ಉಳಿಯುತ್ತದೆ.